ಹಿನ್ನೆಲೆಯನ್ನು ಒರೆಸುವವರು

ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರಿಗೆ ಫೋಟೊ ತೆಗೆಯುವುದನ್ನು ಕಲಿಸುವವರು ಈಗ ಬಹಳ ಮಂದಿ ಇದ್ದಾರೆ. ಮೊಬೈಲು ಕೈಗೆ ಬಂದ ಮೇಲೆ ಕ್ಯಾಮೆರಾ ಕೊಳ್ಳುವ ಖರ್ಚಿಲ್ಲ, ರೀಲು ತೊಳೆಸುವ ಖರ್ಚಿಲ್ಲ. ಕಲಿಸುವವರು ಮೊದಲ ದಿನವೇ ಒಂದು ಪಟ್ಟಿ ಒಪ್ಪಿಸುತ್ತಾರೆ. ಮುಖ್ಯವಾದುದನ್ನು ನಟ್ಟನಡುವೆ ಇಡಬೇಡಿ. ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿ ಗೆರೆಗಳು ಸೇರುವಲ್ಲಿ ಇಡಿ. ದಿಗಂತ ವಾಲಬಾರದು. ಮುಖ ಯಾವ ಕಡೆ ನೋಡುತ್ತಿದೆಯೋ ಆ ಕಡೆ ಜಾಗ ಬಿಡಿ. ನೋಡುಗನ ಕಣ್ಣು ಎಡದಿಂದ ಒಳಗೆ ಬರುತ್ತದೆ, ಅದನ್ನು ಬಲಕ್ಕೆ ನಡೆಸಿಕೊಂಡು ಹೋಗಿ. ಎಲ್ಲಕ್ಕಿಂತ ಮೇಲಾಗಿ ಹಿನ್ನೆಲೆ ಕ್ಲೀನ್ ಇರಲಿ, ಬೇಡದ್ದು ಯಾವುದೂ ಚೌಕಟ್ಟಿನೊಳಗೆ ನುಸುಳಬಾರದು. ಪಟ್ಟಿಯ ಕೊನೆಗೆ ಔದಾರ್ಯದ ಒಂದು ಸಾಲು ಇರುತ್ತದೆ: ನಿಯಮ ಕಲಿತವನು ನಿಯಮ ಮುರಿಯಬಹುದು. ಯಾವಾಗ, ಯಾತಕ್ಕಾಗಿ ಎಂಬುದನ್ನು ಯಾರೂ ಹೇಳುವುದಿಲ್ಲ.

ಹೇಳದೆ ಬಿಟ್ಟ ಆ ಭಾಗದ ಬಗ್ಗೆಯೇ ನಮ್ಮ ತಕರಾರು. ಅದರಲ್ಲೂ ಹಿನ್ನೆಲೆಯನ್ನು ಕುರಿತ ಆ ಒಂದು ನಿಯಮದ ಬಗ್ಗೆ.

ನಿಯಮಗಳೆಂದರೆ ನಮಗೆ ಅಸಡ್ಡೆಯೇನೂ ಇಲ್ಲ. ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿ ಆಮೇಲೆ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರು ನಾವು. ಅಲ್ಲಿ ಬಹರ್, ಕಾಫಿಯಾ, ರದೀಫ್. ಇಲ್ಲಿ ಗಣ, ಪ್ರಾಸ, ಷಟ್ಪದಿ. ಕಾಫಿಯಾ ಅಂದರೇನೆಂದು ತಿಳಿಯದವನು ಗಜಲ್ ಬರೆದು 'ಮುರಿದಿದ್ದೇನೆ' ಎಂದರೆ ಮುಷಾಯಿರಾದಲ್ಲಿ ನಗದೆ ಇರುವವರು ಯಾರು? ಅಯ್ಯನಕೆರೆಯ ನೀರೆಲ್ಲ ಒಂದು ಮೂಲೆಗೆ ಸುರಿದುಹೋಗುವ ಹಾಗೆ ಮೊಬೈಲು ವಾಲಿಸಿ ತೆಗೆದು, ಇದು ನನ್ನ ದೃಷ್ಟಿಕೋನ ಎಂದು ವಾದಿಸುವವರೂ ಇದ್ದಾರೆ. ಕೈ ವಾಲಿದ್ದಕ್ಕೂ ಕಣ್ಣು ಬೇರೆಯಾದದ್ದಕ್ಕೂ ವ್ಯತ್ಯಾಸವಿದೆ. ಹನ್ನೆರಡನೆಯ ಶತಮಾನದ ವಚನಕಾರರು ಛಂದಸ್ಸನ್ನು ಪಕ್ಕಕ್ಕಿಟ್ಟದ್ದು ಸೋಮಾರಿತನದಿಂದಲ್ಲ. ಅವರು ಯಾರೊಡನೆ ಮಾತಾಡಬೇಕಿತ್ತೋ ಆ ಜನರ ಬಾಯಿಮಾತು ಹಳೆಯ ಛಂದಸ್ಸಿನೊಳಗೆ ಹಿಡಿಸುತ್ತಿರಲಿಲ್ಲ. ಮುರಿಯುವುದಕ್ಕೆ ಅಂಥ ಒಂದು ಕಾರಣ ಬೇಕು.

ಇನ್ನು ಈ ನಿಯಮಗಳೇನು ಆಕಾಶದಿಂದ ಇಳಿದು ಬಂದವಲ್ಲ. 'ರೂಲ್ ಆಫ್ ಥರ್ಡ್ಸ್' ಎಂಬ ಹೆಸರು ಮೊದಲು ಅಚ್ಚಾದದ್ದು 1797ರಲ್ಲಿ, ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಯ ದೃಶ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಆಗ ಕ್ಯಾಮೆರಾ ಇರಲಿಲ್ಲ. ಆತ ಹೇಳಿದ್ದು ಬಣ್ಣದ ಚಿತ್ರದಲ್ಲಿ ಬೆಳಕಿಗೆಷ್ಟು ಪಾಲು, ನೆರಳಿಗೆಷ್ಟು, ನೆಲಕ್ಕೆಷ್ಟು, ಆಕಾಶಕ್ಕೆಷ್ಟು ಎಂಬ ಲೆಕ್ಕ. ಫೋಟೊಗೆ ಇಂಥ ಚಿತ್ರಕಲೆಯ ವ್ಯಾಕರಣವನ್ನು ಗಟ್ಟಿಯಾಗಿ ಹೊಂದಿಸಿದ ಪುಸ್ತಕ ಹೆನ್ರಿ ಪೀಚ್ ರಾಬಿನ್ಸನ್‌ನದು, 1869ರದ್ದು. ಇದೇ ರಾಬಿನ್ಸನ್ 1858ರಲ್ಲಿ, ಸಾಯುತ್ತಿರುವ ಹುಡುಗಿಯೊಬ್ಬಳ ಪ್ರಸಿದ್ಧ ಚಿತ್ರವನ್ನು ಐದು ನೆಗೆಟಿವ್‌ಗಳನ್ನು ಸೇರಿಸಿ ಮಾಡಿದ್ದ. ಅಂದರೆ ನಿಯಮಕ್ಕೆ ಸರಿಹೊಂದುವ ದೃಶ್ಯ ಲೋಕದಲ್ಲಿ ಸಿಗದಿದ್ದರೆ ಅದನ್ನು ಜೋಡಿಸಿಯಾದರೂ ತಯಾರಿಸಬೇಕು ಎಂಬ ಹಟ ಆಗಲೇ ಇತ್ತು.

ನಮ್ಮ ರಾಜ್ಯದಲ್ಲಿ ಈ ವ್ಯಾಕರಣವನ್ನು ಬೆಳೆಸಿದ್ದು ಹವ್ಯಾಸಿಗಳ ಸಂಘಗಳು. 1932ರ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ, ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ 1953ರಲ್ಲಿ ಹುಟ್ಟಿದ ಅಖಿಲ ಭಾರತ ಒಕ್ಕೂಟ, 1971ರಲ್ಲಿ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕಾಡಿನಲ್ಲಿ ದಿನಗಟ್ಟಲೆ ಕಾದು ತೆಗೆದ ಚಿತ್ರಗಳು ಕನ್ನಡನಾಡಿನ ಹೆಸರನ್ನು ಹೊರದೇಶಗಳ ಸಲೋನ್‌ಗಳಿಗೆ ಕೊಂಡೊಯ್ದವು. ಅವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆದರೆ ಸಲೋನ್ ಎಂಬುದು ಒಂದು ಪರೀಕ್ಷೆ. ನೂರಾರು ಚಿತ್ರಗಳನ್ನು ಒಂದೇ ಕೂತಲ್ಲಿ ನೋಡಿ ಅಂಕ ಹಾಕಬೇಕಾದ ತೀರ್ಪುಗಾರರಿಗೆ ಕಣ್ಣಿಗೆ ತಟ್ಟನೆ ಬೀಳುವ ಚಿತ್ರ ಬೇಕು. ಒಂದೇ ವಸ್ತು, ಹಿಂದೆ ಕಪ್ಪು ಇಲ್ಲವೇ ಬಿಳುಪು. ಓದಲು ಏನೂ ಉಳಿಯಬಾರದು. ನಿಧಾನವಾಗಿ ಓದಿಸಿಕೊಳ್ಳುವ ಚಿತ್ರ ಅಲ್ಲಿ ಫೇಲಾಗುತ್ತದೆ. ಪರೀಕ್ಷೆಯ ಅನುಕೂಲಕ್ಕೆ ಹುಟ್ಟಿದ್ದು ಕ್ರಮೇಣ ಸೌಂದರ್ಯಶಾಸ್ತ್ರವಾಯಿತು. ಆ ಸೌಂದರ್ಯಶಾಸ್ತ್ರ ಈಗ ತಾಲ್ಲೂಕು ಮಟ್ಟಕ್ಕೂ ಬಂದು ಕೂತಿದೆ.

ಕಣ್ಣು ಎಡದಿಂದ ಬಲಕ್ಕೆ ಓಡುತ್ತದೆ ಎನ್ನುವ ನಿಯಮವನ್ನೇ ನೋಡಿ. ಯಾರ ಕಣ್ಣು? ಇಂಗ್ಲಿಷು, ಕನ್ನಡ ಓದುವವರ ಕಣ್ಣು ಇರಬಹುದು. ಬಲಗಡೆಯಿಂದ ಅಲಿಫ್ ಬರೆದು ಕಲಿತ ಮಗುವಿನ ಕಣ್ಣು ಎಲ್ಲಿಂದ ಒಳಗೆ ಬರಬೇಕು? ನಾವು ಎರಡೂ ಕಡೆಯಿಂದ ಬರುತ್ತೇವೆ, ಯಾವ ತೊಂದರೆಯೂ ಆಗಿಲ್ಲ. ಇದಕ್ಕೆ ದೂರದ ಸಾಕ್ಷಿ ಬೇಡ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮಿತಯ್ಯ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ತೆರೆದ ಮಂಟಪದ ಸುತ್ತ ಕಥೆ ಕೆತ್ತಿದ ನೂರನಲವತ್ತು ಫಲಕಗಳಿವೆ. ಹೊಯ್ಸಳರ ರೂಢಿಯಂತೆ ಕಥೆ ಪ್ರದಕ್ಷಿಣೆಯ ದಿಕ್ಕಿಗೆ ಸಾಗಬೇಕು. ಗೋಡೆಗೆ ಮುಖ ಮಾಡಿ ನಿಂತು ನೋಡಿದರೆ ಆ ದಿಕ್ಕು ಬಲದಿಂದ ಎಡಕ್ಕೆ, ನಮ್ಮ ಉರ್ದು ಸಾಲಿನ ಹಾಗೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಯೂ ಮಹಾಭಾರತವೂ ಹೀಗೆಯೇ ಸಾಗುತ್ತವೆ. ದಕ್ಷಿಣದ ಗೋಡೆಯಲ್ಲಿ ಮಾತ್ರ ಎಪ್ಪತ್ತು ಫಲಕಗಳ ರಾಮಾಯಣ ರೂಢಿ ಮುರಿದು ಅಪ್ರದಕ್ಷಿಣೆಯಾಗಿ, ಎಡದಿಂದ ಬಲಕ್ಕೆ, ಕನ್ನಡದ ಸಾಲಿನ ಹಾಗೆ ನಡೆಯುತ್ತದೆ. ಒಂದೇ ಕಟ್ಟಡ, ಎರಡು ದಿಕ್ಕಿನ ಓದು. ಎಂಟುನೂರು ವರ್ಷಗಳ ಹಿಂದೆ ನಮ್ಮ ಪಕ್ಕದ ಊರಿನ ಶಿಲ್ಪಿಗಳಿಗೆ ಇದ್ದ ಬಿಡುವು ಇವತ್ತಿನ ಫೋಟೊ ಮೇಷ್ಟರಿಗೆ ಇಲ್ಲ.

ಅದೇ ಮಂಟಪದೊಳಗೆ ನಿಂತು, ಕಡೆದ ಕಂಬಗಳು ಎರಡೂ ಕಡೆ ಸಾಲುಗಟ್ಟಿ ಗರ್ಭಗುಡಿಯತ್ತ ಹೋಗುವುದನ್ನು ಮೂರನೇ ಒಂದರ ಗೆರೆಗೆ ತಳ್ಳಿ ತೆಗೆಯುವವರನ್ನು ಕಂಡಿದ್ದೇವೆ. ಕಟ್ಟಿದವನು ನಡುವನ್ನೇ ನಂಬಿ ಕಟ್ಟಿದ್ದಾನೆ. ನಡುವೆ ನಿಲ್ಲಲು ಹೆದರುವವನು ಆ ಕಟ್ಟಡದ ಫೋಟೊ ತೆಗೆಯುತ್ತಿಲ್ಲ, ತನ್ನ ಪಾಠವನ್ನು ಒಪ್ಪಿಸುತ್ತಿದ್ದಾನೆ.

ಇವೆಲ್ಲ ಸಣ್ಣ ಮಾತು. ದಿಕ್ಕು ತಪ್ಪಿದರೆ, ನಡು ತಪ್ಪಿದರೆ ಒಂದು ಚಿತ್ರ ಕೆಡುತ್ತದೆ, ಅಷ್ಟೆ. ಹಿನ್ನೆಲೆಯನ್ನು ಒರೆಸುವ ನಿಯಮದಿಂದ ಕೆಡುವುದು ಚಿತ್ರವಲ್ಲ.

ಕಡೂರಿನ ಹುಡುಗನೊಬ್ಬ ತನ್ನ ತಂದೆಯ ಫೋಟೊವನ್ನು ಒಂದು ಸ್ಪರ್ಧೆಗೆ ಕಳಿಸಿದ್ದ. ತಂದೆ ಛತ್ರಿ ರಿಪೇರಿ ಮಾಡುವವರು. ಮಳೆಗಾಲ ಹಿಡಿಯುವ ಮುಂಚೆ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮೇಲೆ ಗೋಣಿ ಹಾಸಿ ಕೂರುತ್ತಾರೆ. ಫೋಟೊದಲ್ಲಿ ಅವರು ತಲೆ ಬಗ್ಗಿಸಿ ಕಡ್ಡಿಗೆ ತಂತಿ ಸುತ್ತುತ್ತಿದ್ದಾರೆ. ಹಿಂದೆ ಅಂಗಡಿಯ ಬೋರ್ಡಿನ ಅರ್ಧ, ತೂಗುಬಿಟ್ಟ ಪ್ಲಾಸ್ಟಿಕ್ ಕೊಡಗಳು, ಹರಿದ ಚುನಾವಣಾ ಪೋಸ್ಟರು, ಒಂದು ಸೈಕಲ್ಲಿನ ಹಿಂಚಕ್ರ. ಇವುಗಳ ನಡುವಿನಿಂದ ಅಂಗಡಿಯ ಶೆಟ್ಟರು ಬಗ್ಗಿ, ಅರ್ಧ ಟೀ ಹಾಕಿದ ಲೋಟವನ್ನು ಛತ್ರಿಯವರ ಬೆನ್ನ ಹಿಂದಿನಿಂದ ಚಾಚುತ್ತಿದ್ದಾರೆ. ಅವರಿನ್ನೂ ನೋಡಿಲ್ಲ. ಚಿತ್ರ ಬಹುಮಾನಕ್ಕೆ ಬರಲಿಲ್ಲ. ತೀರ್ಪುಗಾರರೊಬ್ಬರು ಹುಡುಗನನ್ನು ಕರೆದು ಪ್ರೀತಿಯಿಂದಲೇ ಹೇಳಿದರಂತೆ: ಮುದುಕರ ಕೈ ಚೆನ್ನಾಗಿ ಬಂದಿದೆ, ಹಿನ್ನೆಲೆ ಗಲೀಜಾಗಿದೆ, ಅಷ್ಟನ್ನೂ ಕತ್ತರಿಸಿ ಕೈ ಮತ್ತು ಛತ್ರಿ ಮಾತ್ರ ಉಳಿಸಿಕೊಂಡರೆ ಒಳ್ಳೆಯ ಚಿತ್ರ. ಹುಡುಗ ನಮ್ಮ ಹತ್ತಿರ ಬಂದು, "ಅಬ್ಬಾ ಕೂತಿರೋದೇ ಆ ಅಂಗಡಿ ಕಟ್ಟೆ ಮೇಲೆ ಚಾಚಾ, ಅಂಗಡೀನ ಎಲ್ಲಿಗೆ ಎತ್ತಿಡ್ಲಿ?" ಎಂದು ಕೇಳಿದ.

ಹುಡುಗನ ಪ್ರಶ್ನೆಗೆ ಕಾಂಪೋಸಿಷನ್ ಪುಸ್ತಕಗಳಲ್ಲಿ ಉತ್ತರವಿಲ್ಲ. ತೀರ್ಪುಗಾರರು ಹೇಳಿದಂತೆ ಕತ್ತರಿಸಿದರೆ ಉಳಿಯುವುದು ಯಾವ ದೇಶದ್ದಾದರೂ ಆಗಬಹುದಾದ ಒಂದು ಜೊತೆ ಕೈ. 'ದುಡಿಮೆ' ಎಂದೋ 'ಬದುಕು' ಎಂದೋ ಹೆಸರಿಟ್ಟು ಗೋಡೆಗೆ ತೂಗಬಹುದು. ಹೋಗುವುದು ಏನು? ಬಾಡಿಗೆಯಿಲ್ಲದೆ ಕಟ್ಟೆ ಬಿಟ್ಟುಕೊಟ್ಟ ಶೆಟ್ಟರು ಹೋಗುತ್ತಾರೆ, ಲೋಟ ಹೋಗುತ್ತದೆ, ಕಡೂರು ಹೋಗುತ್ತದೆ. ಒಬ್ಬರ ಕಟ್ಟೆಯ ಮೇಲೆ ಇನ್ನೊಬ್ಬರು ಕೂತು ಅನ್ನ ದುಡಿಯುವುದನ್ನು ಸಹಿಸದ, ಯಾರ ಅಂಗಡಿಯಲ್ಲಿ ಯಾರು ಕೊಳ್ಳಬೇಕು ಎಂದು ಕರಪತ್ರ ಹಂಚುವ ಕಾಲದಲ್ಲಿ ಅಂಥ ಲೋಟವೊಂದು 'ಬೇಡದ್ದು' ಆಗಿಬಿಟ್ಟರೆ ಅದನ್ನು ಬರಿಯ ಕಲೆಯ ಪ್ರಶ್ನೆ ಎನ್ನಲು ನಮಗೆ ಸಾಧ್ಯವಿಲ್ಲ. ತೀರ್ಪುಗಾರರಿಗೆ ಕೆಟ್ಟ ಮನಸ್ಸಿರಲಿಲ್ಲ ಎಂಬುದನ್ನು ನಂಬುತ್ತೇವೆ. ಅವರ ಕೆಲಸವನ್ನು ನಿಯಮವೇ ಮಾಡಿಕೊಟ್ಟಿತು.

ಈಗಂತೂ ಆ ನಿಯಮ ಯಂತ್ರದೊಳಗೇ ಕೂತಿದೆ. ಪೋರ್ಟ್ರೇಟ್ ಎಂದು ಒತ್ತಿದರೆ ಮೊಬೈಲು ತಾನಾಗಿ ಹಿಂದಿನದನ್ನೆಲ್ಲ ಮಂಜು ಮಾಡುತ್ತದೆ. ಹಿಂದೆ ನಿಂತ ಮನುಷ್ಯನ ಸುತ್ತ ಬೆರಳಾಡಿಸಿದರೆ ಅವನು ಮಾಯವಾಗಿ ಅವನ ಜಾಗದಲ್ಲಿ ಸುಳ್ಳು ಗೋಡೆ ಬಂದು ನಿಲ್ಲುತ್ತದೆ. ಮೊದಲು ಇದಕ್ಕೆ ದುಬಾರಿ ಲೆನ್ಸು ಬೇಕಿತ್ತು, ಡಾರ್ಕ್‌ರೂಮಿನಲ್ಲಿ ಕೈಚಳಕ ಬೇಕಿತ್ತು. ಆಗ ಒರೆಸುವವನಿಗೆ ಯೋಚಿಸಲು ಸ್ವಲ್ಪವಾದರೂ ಸಮಯ ಸಿಗುತ್ತಿತ್ತು.

ಒರೆಸುವುದರ ಇನ್ನೊಂದು ರೂಪ ಮನುಷ್ಯರನ್ನು ವಿನ್ಯಾಸ ಮಾಡುವುದು. ಸ್ಪರ್ಧೆಗಳ ಗೋಡೆಗಳ ಮೇಲೆ ಮುಸ್ಲಿಮರು ಹೇಗೆ ಕಾಣಿಸಿಕೊಳ್ಳುತ್ತಾರೆ ಎಂದು ಒಮ್ಮೆ ಗಮನಿಸಿ. ಈದ್ ನಮಾಜಿನ ಸಾಲುಗಳು, ಎತ್ತರದ ಮಹಡಿಯಿಂದ. ಬಿಳಿ ಟೋಪಿಗಳು ಚುಕ್ಕೆ ಇಟ್ಟ ಹಾಗೆ. ಬಿಳಿ ಗೋಡೆಯ ಮುಂದೆ ಹಾದುಹೋಗುವ ಬುರ್ಖಾ, ಒಂದು ಕಪ್ಪು ತ್ರಿಕೋನ. ಅರ್ಧ ಮುಖಕ್ಕೆ ಬೆಳಕು ಬಿದ್ದ ಬಿಳಿ ಗಡ್ಡ. ಮೂರಕ್ಕೂ ಕಾಂಪೋಸಿಷನ್‌ಗೆ ಪೂರ್ಣ ಅಂಕ: ಪುನರಾವರ್ತನೆ ಇದೆ, ವ್ಯತಿರೇಕ ಇದೆ, ಹಿನ್ನೆಲೆ ಶುಭ್ರ. ಲಂಬಾಣಿ ತಾಂಡಾದ ಹೆಂಗಸರಿಗೂ ಇದೇ ಗತಿ. ಕನ್ನಡಿ ಹೊಲಿದ ಬಟ್ಟೆ ಇದ್ದರೆ ಸಾಕು, ತೊಟ್ಟವಳ ಹೆಸರು ಬೇಡ. ನಮಾಜಿನ ಸಾಲು ಸುಂದರವಾಗಿಲ್ಲವೇ? ಸುಂದರವೇ. ಆದರೆ ಆ ಸಾಲಿನಲ್ಲಿ ನಿಂತವನಿಗೆ ಅದು ವಿನ್ಯಾಸವಲ್ಲ. ಪಕ್ಕದವನ ಹೆಗಲು ತಾಗುತ್ತಿರುತ್ತದೆ, ಮುಂದಿನವನ ಹಿಮ್ಮಡಿ ಒಡೆದಿರುತ್ತದೆ, ಎಲ್ಲೋ ಒಂದು ಮಗು ತಂದೆಯ ಕಿಸೆಗೆ ಕೈ ಹಾಕುತ್ತಿರುತ್ತದೆ. ಮಹಡಿಯ ಮೇಲಿನಿಂದ ಇದು ಯಾವುದೂ ಕಾಣುವುದಿಲ್ಲ. ಗುಂಪನ್ನು ಗುಂಪಾಗಿ ಮಾತ್ರ ನೋಡಲು ಮೊದಲೇ ತಯಾರಾಗಿರುವ ಕಣ್ಣಿಗೆ ಅಂಥ ಚಿತ್ರ ಇನ್ನಷ್ಟು ಅಭ್ಯಾಸ ಕೊಡುತ್ತದೆ.

ಮುಖ ಕಾಣದಿದ್ದರೆ ಮನುಷ್ಯ ಕಾಣುವುದಿಲ್ಲ ಎಂದು ಇದರ ಅರ್ಥವಲ್ಲ. ಫ್ರಾನ್ಸಿನ ಕಾರ್ತಿಯೆ ಬ್ರೆಸ್ಸೋ 1948ರಲ್ಲಿ ಶ್ರೀನಗರದ ಹರಿಪರ್ಬತ್ ಗುಡ್ಡದ ಮೇಲೆ ತೆಗೆದ ಚಿತ್ರ ಜಗತ್ತಿಗೆಲ್ಲ ಗೊತ್ತು. ಕೆಲವು ಮುಸ್ಲಿಂ ಹೆಂಗಸರು ನಮಗೆ ಬೆನ್ನು ಮಾಡಿ ಪ್ರಾರ್ಥಿಸುತ್ತಿದ್ದಾರೆ. ಮುಖ ತೋರಿಸು ಎಂಬ ನಿಯಮ ಅಲ್ಲಿಲ್ಲ. ಆದರೆ ನಿಂತವಳು ಒಬ್ಬಳು, ಕೂತವಳು ಒಬ್ಬಳು, ಅಂಗೈ ಬಿಡಿಸಿ ಚಾಚಿದವಳು ಒಬ್ಬಳು; ಎದುರಿಗೆ ಕಣಿವೆ, ದೂರದಲ್ಲಿ ಬೆಟ್ಟ, ಮೋಡ. ಪ್ರತಿಯೊಬ್ಬಳೂ ಬೇರೆ ಬೇರೆಯಾಗಿ ಏನನ್ನೋ ಕೇಳಿಕೊಳ್ಳುತ್ತಿದ್ದಾಳೆ ಎಂದು ಬೆನ್ನು ನೋಡಿಯೇ ಗೊತ್ತಾಗುತ್ತದೆ. ಆ ಬೆಟ್ಟ ಮತ್ತು ಕಣಿವೆಯನ್ನು 'ಕ್ಲೀನ್' ಮಾಡಿದ್ದರೆ ಉಳಿಯುತ್ತಿದ್ದುದು ಬಟ್ಟೆಯ ಆಕಾರಗಳು. ಫೋಟೊ ಬೇಡ ಎನ್ನುವ ಹೆಂಗಸರು ನಮ್ಮ ಮನೆಗಳಲ್ಲಿ ಇವತ್ತಿಗೂ ಇದ್ದಾರೆ. (ಫೋಟೊ ಜಾಯಿಜೋ ಅಲ್ಲವೋ ಎಂಬ ದೊಡ್ಡ ಚರ್ಚೆಯನ್ನು ಹಜ್ ಅರ್ಜಿ ಮತ್ತು ಪಾಸ್‌ಪೋರ್ಟು ಸೇರಿ ಎಂದೋ ಮುಗಿಸಿಬಿಟ್ಟವು, ಅದು ಬೇರೆ ಮಾತು.) ಅವರು ಬೇಡವೆಂದರೆ ಬೇಡ. ಅವರು ಕೂತೆದ್ದ ಚಾಪೆ, ಬಿಡಿಸಿಟ್ಟ ಹುಣಸೆಹಣ್ಣು, ಬಾಗಿಲಿಗೆ ಆತುಕೊಂಡ ಬೆನ್ನು ಇವುಗಳಲ್ಲಿ ಅವರನ್ನು ತರಲು ಬಂದರೆ ಅದು ನಿಯಮ ಮುರಿಯುವ ಜಾಣತನ. ಕದ್ದು ಲೆನ್ಸು ಚಾಚುವುದಲ್ಲ.

ಪ್ರಾಣಿಗಳ ಫೋಟೊದಲ್ಲಿಯೂ ಇದೇ ಕಥೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 'ನೇಚರ್' ವಿಭಾಗದ ವ್ಯಾಖ್ಯೆ ಪ್ರಕಾರ ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು, ಕಥೆಗೆ ಅನಿವಾರ್ಯವಾದ ಹೊರತು; ಸಾಕುಪ್ರಾಣಿಗೆ ಜಾಗವೇ ಇಲ್ಲ. ಮೋಸವನ್ನು ತಡೆಯಲು ಮಾಡಿದ ಕಟ್ಟುಪಾಡು, ಅದರ ಹಿಂದಿನ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ಅದನ್ನು ಹಿಡಿದುಕೊಂಡು ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ ಹೋಗಿ. 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ, ಸುಮಾರು 736 ಹೆಕ್ಟೇರಿನ ಹುಲ್ಲುಗಾವಲು ಅದು. ಆ ಹುಲ್ಲು ಯಾರಿಗಾಗಿ ಉಳಿಯಿತು? ದನಗಳಿಗಾಗಿ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ', ಟಿಪ್ಪು ಸುಲ್ತಾನ್ ಕಾಲಕ್ಕೆ 'ಅಮೃತ ಮಹಲ್' ಎಂಬ ಹೆಸರು ಪಡೆದು, ಅರಮನೆಯ ಮತ್ತು ದಂಡಿನ ದನಗಳಿಗೆಂದು ಕಾವಲುಗಳನ್ನು ಉಳಿಸಿಕೊಂಡು ಬಂತು. ಆ ತಳಿಯನ್ನು ಸಾಕುವ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಉಳುಮೆಗೆ ಹೋಗದೆ ಉಳಿದ ಆ ನೆಲದಲ್ಲಿ ಕೃಷ್ಣಮೃಗವೂ ಬದುಕಿಕೊಂಡಿತು. ಹೀಗಿರುವಾಗ ಚೌಕಟ್ಟಿನ ಅಂಚಿಗೆ ಬಂದ ಅಮೃತಮಹಲ್ ಹಸುವಿನ ಉದ್ದ ಕೊಂಬನ್ನು, ಕಾವಲುಗಾರನ ಕಂಬಳಿಯನ್ನು ಕತ್ತರಿಸಿ, ಚಿನ್ನದ ಬಣ್ಣದ ಹುಲ್ಲಿನಲ್ಲಿ ಒಂಟಿ ಗಂಡುಜಿಂಕೆಯನ್ನು ನಿಲ್ಲಿಸಿದರೆ ಪದಕ ಬರಬಹುದು. ಆದರೆ ಮನುಷ್ಯ ಕಾಲಿಡದಿದ್ದರಿಂದ ಈ ಹುಲ್ಲು ಉಳಿಯಿತು ಎಂದು ಆ ಚಿತ್ರ ಹೇಳುತ್ತದೆ. ಅದು ಸುಳ್ಳು. ಆ ಸುಳ್ಳನ್ನು ಗೋಡೆಯ ಮೇಲೆ ನೋಡಿ ಬೆಳೆದ ಪಟ್ಟಣದವರು ನಾಳೆ ದನಗಾಹಿಯನ್ನು ಕಾವಲಿನ ಶತ್ರು ಎಂದೇ ಭಾವಿಸುತ್ತಾರೆ. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರೂ ಹಕ್ಕಿಗಳ ಫೋಟೊಗಾಗಿ ಒದ್ದಾಡಿದವರೇ. ಅವರು ಬರಿಯ ಫೋಟೊ ಬಿಟ್ಟುಹೋಗಲಿಲ್ಲ, ಹಕ್ಕಿಯ ಸುತ್ತಲಿನ ಲೋಕವನ್ನು ಪಕ್ಕದಲ್ಲೇ ಬರೆದಿಟ್ಟರು.

ಹಾಗಾದರೆ ನಮ್ಮ ಹಿರಿಯರಿಗೆ ಕಾಂಪೋಸಿಷನ್ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸ್ಟುಡಿಯೋಗೆ ಹೋದ ಅಜ್ಜಿ, "ಕಾಲು ಕತ್ತರಿಸಬೇಡಪ್ಪ, ಪೂರ್ತಿ ಬರಲಿ" ಎನ್ನುತ್ತಿದ್ದಳು. ನಡುವೆ ನಿಲ್ಲಬೇಕು, ನೇರವಾಗಿ ನೋಡಬೇಕು, ಎರಡೂ ಕಿವಿ ಕಾಣಬೇಕು, ತಲೆಯ ಸೆರಗಿನಿಂದ ಚಪ್ಪಲಿಯವರೆಗೆ ಮನುಷ್ಯ ಇಡಿಯಾಗಿರಬೇಕು. ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾದಲ್ಲಿ ಜನರ ಫೋಟೊಗಳನ್ನು ಅಭ್ಯಾಸ ಮಾಡಿ 1997ರಲ್ಲಿ ಬರೆದ ಪುಸ್ತಕದಲ್ಲಿ ಕಂಡದ್ದೂ ಇಂಥದೇ ಆಸೆ. ಹಿನ್ನೆಲೆಯನ್ನು ಅವರು ಒರೆಸುತ್ತಿರಲಿಲ್ಲ, ಆರಿಸಿಕೊಳ್ಳುತ್ತಿದ್ದರು. ಜಾತ್ರೆಯ ಫೋಟೊ ಅಂಗಡಿಯಲ್ಲಿ ರಟ್ಟಿನ ಕಾರಿನೊಳಗೆ ಕೂತವನು, ಬಟ್ಟೆಯ ಮೇಲೆ ಬರೆದ ತಾಜಮಹಲಿನ ಮುಂದೆ ಹೊಸ ಹೆಂಡತಿಯೊಡನೆ ನಿಂತವನು ತಾನು ಎಲ್ಲಿ ಇರಬೇಕೆಂಬುದನ್ನು ತಾನೇ ತೀರ್ಮಾನಿಸಿದ್ದ. ಇಂಥ ಚಿತ್ರಗಳನ್ನು 'ಸ್ಟಿಫ್' ಎಂದು ನಗುವವರು ಒಂದು ಮಾತು ಯೋಚಿಸಲಿ. ಇವತ್ತು ಹಿನ್ನೆಲೆ ಬಿಳಿಯಾಗಿರಲೇಬೇಕು, ನೆರಳು ಬೀಳಬಾರದು, ಪಕ್ಕದಲ್ಲಿ ಯಾರೂ ಇರಬಾರದು ಎಂದು ಕಡ್ಡಾಯ ಮಾಡುವವರು ಸ್ಪರ್ಧೆಯವರಷ್ಟೇ ಅಲ್ಲ, ಪಾಸ್‌ಪೋರ್ಟಿನ ಕಚೇರಿಯವರೂ ಹೌದು. ಊರಿನಿಂದ, ಮನೆಯಿಂದ, ನೆರೆಯವರಿಂದ ಬಿಡಿಸಿ ಒಬ್ಬೊಬ್ಬರನ್ನೇ ಬಿಳಿ ಗೋಡೆಯ ಮುಂದೆ ನಿಲ್ಲಿಸುವುದು ದಫ್ತರದ ಅಗತ್ಯ. ಹವ್ಯಾಸಿಗೆ ಆ ಅಗತ್ಯ ಎಲ್ಲಿಂದ ಬಂತು?

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನಮ್ಮ ಹುಡುಗರು ಹುಡುಕಿ ನೋಡಬೇಕು. ಅವರೂ ನಿಯಮ ಬಲ್ಲವರೇ. 1979ರಲ್ಲಿ ಮಕ್ಕಳ ವರ್ಷದ ನಿಮಿತ್ತ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಮಕ್ಕಳು ಎಲ್ಲಿಯೋ ತೇಲುವ ಮುದ್ದು ಮುಖಗಳಲ್ಲ. ಅವರಿಗೆ ಒಂದು ಬೀದಿ ಇದೆ, ಒಂದು ಶಾಲೆ ಇದೆ, ಜೊತೆಯವರಿದ್ದಾರೆ.

ಆದ್ದರಿಂದ ತಾಲ್ಲೂಕುಗಳಲ್ಲಿ ಸ್ಪರ್ಧೆ ನಡೆಸುವವರಲ್ಲಿ ನಮ್ಮದೊಂದು ಒತ್ತಾಯ. ಯಾವುದನ್ನಾದರೂ ಕತ್ತರಿಸಿ ಎಂದು ಹೇಳುವ ಮುನ್ನ ಅದೇನು ಎಂದು ತೆಗೆದವನನ್ನು ಕೇಳಿ. ಮನುಷ್ಯರಿರುವ ಚಿತ್ರಕ್ಕೆ, ಅವರು ಒಪ್ಪಿದರೆ, ಹೆಸರನ್ನೂ ಊರನ್ನೂ ಬರೆಸಿ. 'ಬದುಕು', 'ಭಕ್ತಿ', 'ಕಾಯಕ' ಎಂಬ ಹಣೆಪಟ್ಟಿಗಳು ಸಾಕು. ಹೆಸರು ಕೇಳಲು ಹೋದವನು ಹೇಗೂ ಮಹಡಿಯಿಂದ ಇಳಿಯಲೇಬೇಕಾಗುತ್ತದೆ. ಮುಂದಿನ ಈದ್‌ಗೆ ಕ್ಯಾಮೆರಾ ಹಿಡಿದು ಬರುವವರು ತರೀಕೆರೆಯ ಈದ್ಗಾದಲ್ಲಿ ಚಪ್ಪಲಿ ಬಿಡುವ ಕಡೆ ಬಂದು ನಿಲ್ಲಲಿ. ನಮಾಜು ಮುಗಿದ ಮೇಲೆ ಅಲ್ಲಿ ಒಂದು ಗಳಿಗೆ ದೊಡ್ಡ ಗೊಂದಲವಿರುತ್ತದೆ. ಅಪ್ಪಿಕೊಳ್ಳುವವರು, ಚಪ್ಪಲಿ ಹುಡುಕುವವರು, ಮಗುವನ್ನು ಕಳೆದುಕೊಂಡು ಕೂಗುವವರು, ಐಸ್‌ಕ್ರೀಮಿನವನ ಗಂಟೆ, ರಸ್ತೆಯಲ್ಲಿ ವಾಹನ ನಿಲ್ಲಿಸಿ ಬೆವರುತ್ತಿರುವ ಪೇದೆ. ಎಲ್ಲವೂ ಎಲ್ಲದಕ್ಕೂ ಅಡ್ಡ ಬರುತ್ತದೆ. ತೆಗೆಯಿರಿ. ನಿಮಗೂ ಒಂದು ಬಟ್ಟಲು ಶೀರ್ ಖುರ್ಮಾ ಕಾದಿರುತ್ತದೆ.